ಜೇಡದ ಮೇಲಿನ ದೂರು

ನಮ್ಮ ಕಡೆ ಮಳೆಗಾಲದಲ್ಲಿ ಮೈಮೇಲೆ ಏನೇ ಎದ್ದರೂ ಅದಕ್ಕೆ ಹೊಣೆ ಜೇಡವೇ. ಕುತ್ತಿಗೆಯಲ್ಲಿ ಕೆಂಪು ಗೀರು ಕಂಡಿತೋ, ಮೊಣಕೈ ಮಡಿಕೆಯಲ್ಲಿ ನೀರುಗುಳ್ಳೆ ಎದ್ದವೋ, ಬೆಳಿಗ್ಗೆ ಏಳುವಾಗ ರೆಪ್ಪೆ ಊದಿ ಒಂದು ಕಣ್ಣು ಮುಚ್ಚಿಕೊಂಡಿತೋ, ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ. “ಜೇಡ ಉಚ್ಚೆ ಹೊಯ್ದದ್ದು” ಎಂದು ತೀರ್ಪು ಬಂದೇಬಿಡುತ್ತದೆ. ಕಚ್ಚಿದ್ದು ಎಂದೂ ಹೇಳುವುದಿಲ್ಲ, ಗಮನಿಸಿ. ಕಚ್ಚಿತು ಎಂದರೆ ಆ ಪ್ರಾಣಿಗೊಂದಿಷ್ಟು ಮರ್ಯಾದೆಯಾದರೂ ಇರುತ್ತಿತ್ತು. ಹಾವಿಗೆ, ನಾಯಿಗೆ, ಚೇಳಿಗೆ ಇರುವ ಗೌರವ ಜೇಡಕ್ಕೆ ಇಲ್ಲ. ಅದು ರಾತ್ರಿ ಅಟ್ಟದಿಂದ ಇಳಿದುಬಂದು, ಮಲಗಿದವರ ಕುತ್ತಿಗೆ ಹುಡುಕಿ, ಉಚ್ಚೆ ಹೊಯ್ದು ಹೋಗುವ ಪೋಲಿ.

ಇಂಥದೊಂದು ಗೀರು ಹೊತ್ತು ಜಾಲ್ಸೂರಿನಲ್ಲಿ ಬಸ್ಸಿಗೆ ಕಾಯುವುದಿದೆಯಲ್ಲ, ಅದು ಗುಳ್ಳೆಗಿಂತ ದೊಡ್ಡ ಕಷ್ಟ. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಕಾಸರಗೋಡಿನ ರಸ್ತೆ ಕವಲೊಡೆಯುವುದು ಇಲ್ಲೇ. ಪುತ್ತೂರಿಗೆ ಹೋಗುವವರು, ಸುಳ್ಯಕ್ಕೆ ಹೋಗುವವರು, ಆದೂರು ಮುಳ್ಳೇರಿಯ ದಾಟಿ ಚೆರ್ಕಳದ ಕಡೆ ಹೋಗುವವರು, ಎಲ್ಲರೂ ಇಲ್ಲಿ ಒಂದಷ್ಟು ಹೊತ್ತು ನಿಲ್ಲಬೇಕು. ನಿಂತವರಿಗೆ ಕೆಲಸ ಬೇಡವೇ? “ಎಂತ ಆಯ್ತು ಮಾರಾಯ್ರೇ ಕುತ್ತಿಗೆಗೆ?” ಎಂದು ಒಬ್ಬರು ಕೇಳಿದರೆ ಮುಗಿಯಿತು. ತುಳುವಿನಲ್ಲಿ ಒಂದು ಮದ್ದು, ಅರೆಭಾಷೆಯಲ್ಲಿ ಒಂದು, ಹವ್ಯಕರಿಂದ ಒಂದು, ಬ್ಯಾರಿಯಲ್ಲಿ ಇನ್ನೊಂದು, ಗಡಿಯಾಚೆಯಿಂದ ಬಂದವರು ಮಲಯಾಳದಲ್ಲಿ ಹೇಳುವ ಮತ್ತೊಂದು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಲಂಕೆಯಿಂದ ಬಂದು ಈ ಸೀಮೆಯ ರಬ್ಬರ್ ತೋಟಗಳಲ್ಲಿ ನೆಲೆನಿಂತ ಕುಟುಂಬಗಳಿವೆಯಾದ್ದರಿಂದ ಒಮ್ಮೊಮ್ಮೆ ತಮಿಳಿನಲ್ಲೂ ಚಿಕಿತ್ಸೆ ಸಿಗುತ್ತದೆ. ಮದ್ದು ಬೇರೆಬೇರೆ, ರೋಗನಿದಾನ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ. ಇಷ್ಟು ಭಾಷೆಗಳು ಇಷ್ಟು ಸಲೀಸಾಗಿ ಒಮ್ಮತಕ್ಕೆ ಬರುವ ಇನ್ನೊಂದು ವಿಷಯವನ್ನು ನಾನು ಕಂಡಿಲ್ಲ.

ತುಳಸಿ ರಸ, ಅರಿಶಿನ, ತುಂಬೆ, ಇವುಗಳಿಂದ ಲಾಭವಿಲ್ಲದಿದ್ದರೂ ದೊಡ್ಡ ನಷ್ಟವಿಲ್ಲ. ನನಗೆ ಹೆದರಿಕೆ ಸುಣ್ಣದ್ದು. ಅಡಿಕೆ ನಾಡಿನಲ್ಲಿ ಎಲೆ-ಅಡಿಕೆಯ ಡಬ್ಬಿ ಇಲ್ಲದ ಹಿರಿಯರು ಸಿಗುವುದು ಕಷ್ಟ. ಡಬ್ಬಿ ಇದ್ದಲ್ಲಿ ಸುಣ್ಣ ಉಂಟು. ಸುಣ್ಣ ಇದ್ದಲ್ಲಿ ಅದನ್ನು ಕಂಡವರ ಮೈಗೆ ಹಚ್ಚುವ ಪರೋಪಕಾರವೂ ಉಂಟು. ಕಣಜ ಕಚ್ಚಿದರೂ ಸುಣ್ಣ, ಚಿಗಳಿ ಕಚ್ಚಿದರೂ ಸುಣ್ಣ. ಮೊದಲೇ ಸುಟ್ಟಂತಾಗಿರುವ ಚರ್ಮದ ಮೇಲೆ ಸುಡುವ ವಸ್ತುವನ್ನೇ ಬಳಿದು “ಈಗ ಉರಿಯುತ್ತದಾ? ಹಾಗಾದರೆ ಹಿಡಿಯಿತು” ಎನ್ನುತ್ತಾರೆ.

ಹಾಗಾದರೆ ಆ ಗೀರು ಯಾರದ್ದು? ಜೂನ್-ಜುಲೈಯಲ್ಲಿ ಸಂಜೆ ಏಳರ ಮೇಲೆ ಜಗಲಿಯ ಟ್ಯೂಬ್‌ಲೈಟಿನ ಕೆಳಗೆ ಪೇಪರ್ ಹರವಿ ಕುಳಿತು ನೋಡಿ. ಮಳೆಹುಳ, ಪತಂಗ, ಹಸಿರು ಮಿಡತೆಗಳ ನಡುವೆ ಇರುವೆಯಂಥ ಒಂದು ಹುಳ ಅವಸರದಲ್ಲಿ ಓಡಾಡುತ್ತಿರುತ್ತದೆ. ಉದ್ದ ಒಂದು ಸೆಂಟಿಮೀಟರಿನೊಳಗೆ. ತಲೆ ಕಪ್ಪು, ಎದೆ ಕಿತ್ತಳೆ, ಅದರ ಹಿಂದೆ ನೀಲಿ ಮಿನುಗುವ ಗಿಡ್ಡ ರೆಕ್ಕೆಕವಚ, ಮತ್ತೆ ಕಿತ್ತಳೆ ಹೊಟ್ಟೆ, ಬಾಲದ ತುದಿ ಕಪ್ಪು. ಪೆನ್ನಿನ ತುದಿಯಿಂದ ಕೆಣಕಿದರೆ ಬಾಲ ಮೇಲೆತ್ತಿ ಚೇಳಿನ ಗತ್ತು ತೋರಿಸುತ್ತದೆ. ಬರೀ ಗತ್ತು, ಚುಚ್ಚುವ ಮುಳ್ಳೂ ಇಲ್ಲ, ನಮ್ಮನ್ನು ಕಚ್ಚುವುದೂ ಇಲ್ಲ. ಇದು ಪೆಡೆರಸ್ ಎಂಬ ಜಾತಿಯ ರೋವ್ ಬೀಟಲ್. ಗದ್ದೆಯಲ್ಲಿ ಭತ್ತದ ಜಿಗಿಹುಳಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ, ಒದ್ದೆ ನೆಲದಲ್ಲಿ ಬಾಳುವ, ದೀಪ ಕಂಡರೆ ತಡೆಯಲಾರದೆ ಬರುವ ಹುಳ.

ಕುತ್ತಿಗೆಯ ಮೇಲೆ ಏನೋ ಹರಿದಂತಾಯಿತು ಎಂದು ನಾವು ಟಪ್ಪೆಂದು ಹೊಡೆದು ಉಜ್ಜುತ್ತೇವೆ. ಹುಳ ಸತ್ತಿತು, ನಾವು ಮಲಗಿದೆವು. ಅದರ ಮೈಯೊಳಗಿನ ರಸದಲ್ಲಿ ಪೆಡೆರಿನ್ ಎಂಬ ವಿಷ ಇದೆ. ಕೈ ಉಜ್ಜಿದ ದಾರಿಯಲ್ಲೇ ಅದು ಬಳಿದುಕೊಳ್ಳುತ್ತದೆ. ಗೀರು ಉದ್ದಕ್ಕೆ ಬರುವುದು ಅದಕ್ಕೆ. ಮೊಣಕೈ ಮಡಚಿದರೆ ಮೇಲಿನ ಗುಳ್ಳೆಯ ಪಡಿಯಚ್ಚು ಕೆಳಗೂ ಏಳುತ್ತದೆ. ಇದರ ಚಾಲಾಕಿ ಇರುವುದು ಸಮಯದಲ್ಲಿ. ಹುಳ ಸತ್ತು ಒಂದು ದಿನ, ಕೆಲವೊಮ್ಮೆ ಎರಡು ದಿನ ಕಳೆದ ಮೇಲೆ ಉರಿ ಶುರು. ಅಷ್ಟು ಹೊತ್ತಿಗೆ ಅಪರಾಧಿಯ ಹೆಣ ಗುಡಿಸಿ ಹೊರಗೆ ಹೋಗಿದೆ. ಗುಳ್ಳೆ ಕಂಡು ಗಾಬರಿಯಿಂದ ಸುತ್ತ ನೋಡಿದರೆ ಮಾಡಿನ ಮೂಲೆಯಲ್ಲಿ ಯಾರು? ಮೊನ್ನೆಯೂ ಅಲ್ಲೇ ಇದ್ದ, ಇಂದೂ ಅಲ್ಲೇ ಇರುವ, ಓಡಿಹೋಗುವ ಬುದ್ಧಿಯೇ ಇಲ್ಲದ ಜೇಡ.

ತಮಾಷೆಯೆಂದರೆ ಆ ವಿಷ ಈ ಹುಳದ ಸ್ವಂತ ಸಂಪಾದನೆಯೂ ಅಲ್ಲ. ಹೆಣ್ಣುಹುಳದೊಳಗೆ ಬದುಕುವ ಒಂದು ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಇಟಲಿಯ ಸಂಶೋಧಕರು 1953ರಲ್ಲಿ ಆ ವಿಷಕ್ಕೆ ಹೆಸರಿಟ್ಟರು. ಅದರ ಗುಣಲಕ್ಷಣ ತಿಳಿಯಲು ಎರಡೂವರೆ ಕೋಟಿ ಹುಳಗಳು ಬೇಕಾದವಂತೆ. ನಮ್ಮ ಜಗಲಿಯ ಟ್ಯೂಬ್‌ಲೈಟು ಅವರಿಗೆ ಸಿಕ್ಕಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು.

ಇದಕ್ಕೆ ಚಿಕಿತ್ಸೆ ಹುಳವನ್ನು ಹೊಡೆಯದಿರುವುದರಿಂದಲೇ ಆರಂಭ: ಊದಿ ಹಾರಿಸಬೇಕು, ಇಲ್ಲವೇ ಕಾಗದ ಹಿಡಿದು ಹತ್ತಿಸಿ ಹೊರಗೆ ಕೊಡವಬೇಕು. ಅರೆದುಹೋಯಿತೆಂದರೆ ಕೂಡಲೇ ಸೋಪು ಹಾಕಿ ಚೆನ್ನಾಗಿ ತೊಳೆಯುವುದು, ಉರಿಗೆ ತಣ್ಣೀರ ಬಟ್ಟೆ, ಜಾಸ್ತಿಯಾದರೆ ಡಾಕ್ಟರರು ಬರೆದುಕೊಡುವ ಸ್ಟೀರಾಯ್ಡ್ ಮುಲಾಮು. ಅದೇ ಕೈಯಲ್ಲಿ ಕಣ್ಣುಜ್ಜಬಾರದು. ಕಣ್ಣಿಗೆ ಹೋದರೆ ಆಸ್ಪತ್ರೆಗೇ ಹೋಗಬೇಕು. ಒಂದೆರಡು ವಾರದಲ್ಲಿ ಗುಳ್ಳೆ ಒಣಗಿ ಕಪ್ಪು ಕಲೆ ಉಳಿಯುತ್ತದೆ. ಯಾರ ಮದ್ದು ಹಚ್ಚಿಕೊಂಡರೂ ಅಷ್ಟರಲ್ಲಿ ಒಣಗುತ್ತದಾದ್ದರಿಂದ ಜಾಲ್ಸೂರು ಬಸ್‌ಸ್ಟ್ಯಾಂಡಿನ ಅಷ್ಟೂ ವೈದ್ಯರಿಗೆ ಒಳ್ಳೆಯ ಹೆಸರು ಇದೆ. ಗುಳ್ಳೆ ಏಳುವ ಮೊದಲೇ ಮೈಯ ಒಂದೇ ಬದಿಯಲ್ಲಿ ಪಟ್ಟಿಯಾಗಿ ನೋವು ಬಂದರೆ ಅದು ಬೇರೆ, ಸರ್ಪಸುತ್ತು. ಅದು ವೈರಸ್ಸಿನದ್ದು, ಮೊದಲ ಮೂರು ದಿನದೊಳಗೆ ಮಾತ್ರೆ ಶುರುಮಾಡಿದರೆ ಒಳ್ಳೆಯದು. ಅಲ್ಲಿ ಜೇಡವನ್ನು ಬಿಟ್ಟು ಹಾವನ್ನು ದೂರುತ್ತೇವೆ.

ಇನ್ನು ನಿಜವಾದ ಜೇಡಗಳ ಕತೆ. ನಮ್ಮತ್ತೆಯ ಬಚ್ಚಲುಮನೆಯಲ್ಲಿ ಅಂಗೈಯಗಲದ ಒಂದು ಜೇಡ ಉಂಟು. ಬಲೆ ನೇಯುವುದಿಲ್ಲ, ಜಿರಲೆ ಹಿಡಿಯುವುದೇ ಅದರ ಉದ್ಯೋಗ. ಗೋಡೆಯ ಮೇಲೆ ಚಪ್ಪಟೆಯಾಗಿ ಕುಳಿತಿರುವಾಗ ಇದೆಯೋ ಇಲ್ಲವೋ ತಿಳಿಯದು, ಅಲುಗಿದರೆ ಅಡ್ಡಡ್ಡ ಓಡುತ್ತದೆ. ವರ್ಷಕ್ಕೆ ಕೆಲವು ಸಲ ಹೆಣ್ಣುಜೇಡ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲವನ್ನು ಎದೆಯಡಿಗೆ ಅವಚಿಕೊಂಡು ವಾರಗಟ್ಟಲೆ ಉಪವಾಸ ಓಡಾಡುತ್ತದೆ. ಊರಿನ ಹೊಸ ಸೊಸೆಯಂದಿರು ಅದನ್ನು ನೋಡಿ ಕಿರುಚಿದರೆ ಅತ್ತೆ ಹೊರಗಿನಿಂದಲೇ, “ಬಸುರಿಯನ್ನು ಹೆದರಿಸಬೇಡ” ಎನ್ನುತ್ತಾರೆ. ಯಾರು ಯಾರನ್ನು ಹೆದರಿಸುತ್ತಿದ್ದಾರೆ ಎಂಬುದು ಕೇಳಿದವರ ವಿವೇಚನೆಗೆ ಬಿಟ್ಟದ್ದು.

ತೋಟಕ್ಕಿಳಿದರೆ ಎರಡು ಅಡಿಕೆಮರಗಳ ನಡುವೆ ಬಲೆ ಕಟ್ಟಿ ನಡುವಿನಲ್ಲಿ ತಲೆಕೆಳಗಾಗಿ ಕುಳಿತ ದೈತ್ಯ ಜೇಡ, ನೆಫಿಲಾ. ಬೆಳಗಿನ ಬಿಸಿಲಿಗೆ ಆ ನೂಲು ಬಂಗಾರದ ಬಣ್ಣಕ್ಕೆ ಹೊಳೆಯುತ್ತದೆ. ಹೆಣ್ಣಿನ ಮೈಯೇ ಹೆಬ್ಬೆರಳಿನಷ್ಟು, ಕಾಲು ಚಾಚಿದರೆ ಅಂಗೈ ಮೀರುತ್ತದೆ. ಗಂಡು ಮಾತ್ರ ಬಲೆಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತ ಚೂರು. ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳಲ್ಲಿ ಮೇಲೆ ಗೊನೆ ನೋಡುತ್ತ ನಡೆಯುವವರ ಮುಖ ನೇರ ಆ ಬಲೆಗೆ. ಹಾಳೆಯ ಮುಟ್ಟಾಳೆಗೆ ಅಂಟಿದ ಜೇಡಕ್ಕೂ, ಮುಟ್ಟಾಳೆ ಹೊತ್ತವರಿಗೂ ಸಮಾನ ಗಾಬರಿ. ಅದನ್ನು ಹಿಡಿದು ಹಿಚುಕಿದರೆ ಕಚ್ಚೀತು. ಸ್ವಲ್ಪ ಹೊತ್ತು ನೋವು, ಕೆಂಪು, ಅಷ್ಟೇ.

ನನಗೆ ಎಲ್ಲಕ್ಕಿಂತ ಪ್ರೀತಿ ಚಿಗಳಿಯ ವೇಷ ಹಾಕಿದ ಜೇಡದ ಮೇಲೆ. ಕೊಕ್ಕೋ ಎಲೆಯ ಮೇಲೆ ಕೆಂಪು ಚಿಗಳಿಗಳ ಸಾಲಿನ ಪಕ್ಕ ಅದೇ ಬಣ್ಣದ, ಅದೇ ಸೊಂಟದ ಇನ್ನೊಂದು ‘ಚಿಗಳಿ’ ಒಂಟಿಯಾಗಿ ಅಡ್ಡಾಡುತ್ತಿದ್ದರೆ ನಿಂತು ಕಾಲು ಎಣಿಸಬೇಕು. ಆರರ ಬದಲು ಎಂಟಿರುತ್ತವೆ. ಮುಂದಿನ ಎರಡನ್ನು ಮೇಲೆತ್ತಿ ಮೀಸೆಯ ಹಾಗೆ ಆಡಿಸುತ್ತಿರುತ್ತದೆ. ಎಣಿಸಲು ಕಷ್ಟವಾದರೆ ಎಲೆಯನ್ನು ಮೆಲ್ಲಗೆ ತಟ್ಟಿ. ಚಿಗಳಿ ಕೆಳಗೆ ಬೀಳುತ್ತದೆ ಅಥವಾ ನಿಮ್ಮ ಕೈಯೇರುತ್ತದೆ. ವೇಷಧಾರಿ ನೂಲು ಬಿಟ್ಟು ಗಾಳಿಯಲ್ಲಿ ತೂಗಾಡುತ್ತದೆ. ಚಿಗಳಿಗಳು ಸುಮ್ಮನೆ ಕಚ್ಚುವ ಜನ ಎಂದು ಬೇರೆ ಪ್ರಾಣಿಗಳೆಲ್ಲ ದೂರವಿರುತ್ತವಲ್ಲ, ಆ ಭಯದ ನೆರಳಿನಲ್ಲಿ ಇದರ ಸಂಸಾರ. ಕಚ್ಚುವವರ ವೇಷ ಹಾಕಿಕೊಂಡು ಕಚ್ಚದೆ ಬದುಕುವ ಉಪಾಯ.

ಭೂಮಿಯ ಮೇಲೆ ಹೆಸರಿಟ್ಟ ಜೇಡಜಾತಿಗಳ ಲೆಕ್ಕ 2022ರಲ್ಲಿ ಐವತ್ತು ಸಾವಿರ ದಾಟಿತು. ಹೆಚ್ಚುಕಡಿಮೆ ಎಲ್ಲಕ್ಕೂ ವಿಷ ಉಂಟು, ಆದರೆ ಅದು ನೊಣಕ್ಕೆ, ಜಿರಲೆಗೆ ಲೆಕ್ಕ ಹಾಕಿದ್ದು. ಬಹುಪಾಲು ಜೇಡಗಳ ಹಲ್ಲು ನಮ್ಮ ಚರ್ಮದೊಳಗೆ ಇಳಿಯುವುದೂ ಇಲ್ಲ. ಸೊಳ್ಳೆಗೆ, ತಿಗಣೆಗೆ ನಮ್ಮ ರಕ್ತ ಬೇಕು. ಜೇಡಕ್ಕೆ ನಮ್ಮಿಂದ ಆಗಬೇಕಾದ್ದು ಏನೂ ಇಲ್ಲ. ಹಾಗಾಗಿ ಬೆಳಗಾಗುವಾಗ ಸಾಲಾಗಿ ಐದಾರು ದದ್ದು ಕಂಡರೆ ಹಾಸಿಗೆ ಬಿಸಿಲಿಗೆ ಹಾಕಿ, ಜೇಡದ ಬಲೆ ತೆಗೆಯಬೇಡಿ. “ಎರಡು ಚುಕ್ಕೆ ಕಾಣುತ್ತದೆ, ಜೇಡವೇ” ಎನ್ನುವ ಪತ್ತೇದಾರಿಕೆಯೂ ನಿಲ್ಲುವುದಿಲ್ಲ. ಅಕ್ಕಪಕ್ಕದ ಎರಡು ಸೊಳ್ಳೆಕಡಿತಕ್ಕೂ ಎರಡು ಚುಕ್ಕೆಯೇ.

ಆಸ್ಟ್ರೇಲಿಯಾದ ತಜ್ಞರು ಇದಕ್ಕೆ ಕಟ್ಟುನಿಟ್ಟಾದ ಕ್ರಮ ಇಟ್ಟುಕೊಂಡಿದ್ದಾರೆ. ಕಚ್ಚುವಾಗ ಕಂಡಿರಬೇಕು, ಆ ಜೇಡ ಕೈಗೆ ಸಿಕ್ಕಿರಬೇಕು, ಬಲ್ಲವರು ಅದನ್ನು ಗುರುತಿಸಿರಬೇಕು. ಆಗ ಮಾತ್ರ ಜೇಡದ ಕಡಿತ. ಈ ಪರೀಕ್ಷೆಯಲ್ಲಿ ಪಾಸಾದ 750 ಕಡಿತಗಳನ್ನು ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದರು. ಜೇಡ ಕಚ್ಚಿದರೆ ಮಾಂಸ ಕೊಳೆತು ಹುಣ್ಣಾಗುತ್ತದೆ ಎಂದು ಆ ದೇಶದಲ್ಲೂ ಜನ ನಂಬಿದ್ದರಲ್ಲ, ಆ 750ರಲ್ಲಿ ಅಂಥ ಹುಣ್ಣು ಒಂದೂ ಇರಲಿಲ್ಲ. ಮಾಂಸ ಕೊಳೆಯಿಸಬಲ್ಲ ಕಂದು ಜೇಡ ಅಮೆರಿಕದಲ್ಲಿ ಉಂಟು, ಆದರೆ ಪ್ರತಿ ಕಪ್ಪು ಹುಣ್ಣಿನ ಹಿಂದೆ ಅದೇ ಕೂತಿದೆ ಎನ್ನಲಾಗದು.

ನಮ್ಮಲ್ಲಿ ಕಪ್ಪು ಹುಣ್ಣು ಎಂದರೆ ನಾನು ಮೊದಲು ಕೇಳುವ ಪ್ರಶ್ನೆ ಜ್ವರದ್ದು. ಸೊಂಟದ ಪಟ್ಟಿಯ ಕೆಳಗೋ ಕಂಕುಳಲ್ಲೋ ನೋವಿಲ್ಲದ, ಬೀಡಿ ತಾಗಿಸಿದಂಥ ಕಪ್ಪು ಹೊಪ್ಪಳೆ, ಜತೆಗೆ ಬಿಡದ ಜ್ವರ, ತಲೆನೋವು ಇದ್ದರೆ ಅದು ಸ್ಕ್ರಬ್ ಟೈಫಸ್ ಆಗಿರಬಹುದು. ಪೊದೆಯಲ್ಲಿರುವ, ಕಣ್ಣಿಗೂ ಸರಿಯಾಗಿ ಕಾಣದ ನುಸಿಯ ಮರಿ ಕಚ್ಚಿ ಬರುವ ರೋಗ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಬಗ್ಗುತ್ತದೆ, ತಡಮಾಡಿದರೆ ಜೀವಕ್ಕೂ ಬರುತ್ತದೆ. ಕಾಡಿಗೆ ಹೋಗಿ ಬಂದವರಿಗೆ ಉಣುಗು ಕಚ್ಚಿ ಜ್ವರ ಬಂದರೆ ಮಂಗನ ಕಾಯಿಲೆಯ ನೆನಪು ಇರಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದದ್ದು ಎಂಬತ್ತರ ದಶಕದ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಬೆಳ್ತಂಗಡಿಯನ್ನು ಕಾಡಿತ್ತು. ನುಸಿ, ಉಣುಗು ಎರಡೂ ಜೇಡದ ದೂರದ ದಾಯಾದಿಗಳೇ. ದಾಯಾದಿಗಳ ಸಾಲಕ್ಕೆ ಜಾಮೀನು ನಿಂತವರ ಪಾಡು ಊರಿಗೆಲ್ಲ ಗೊತ್ತಿರುವಂಥದೇ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ನಸುಕಿಗೆ ಹೆಡ್‌ಲೈಟ್ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವರಿಗೆ, ಸೋಗೆ ರಾಶಿಗೆ ಕೈ ಹಾಕುವವರಿಗೆ, ನೆಲದ ಮೇಲೆ ಮಲಗುವವರಿಗೆ ಇದನ್ನು ಹೇಳಲೇಬೇಕು. ಕಟ್ಟುಹಾವು ಕಚ್ಚಿದರೆ ನೋವೂ ಇಲ್ಲ, ಊತವೂ ಇಲ್ಲ ಎನ್ನುವಷ್ಟು ಕಡಿಮೆ. “ಎಂತದೋ ಜೇಡ ಕಚ್ಚಿತು” ಎಂದು ಮಗ್ಗುಲು ಬದಲಿಸಿ ಮಲಗಿದವರಿಗೆ ಬೆಳಗಿನ ಜಾವ ಹೊಟ್ಟೆನೋವು, ಜೋತುಬೀಳುವ ರೆಪ್ಪೆ, ಎರಡೆರಡಾಗಿ ಕಾಣುವ ದೀಪ, ನುಂಗಲಾಗದ ಎಂಜಲು. ಇಲ್ಲಿ ಜೇಡದ ಹೆಸರು ಜೀವ ತೆಗೆಯುತ್ತದೆ. ಏನು ಕಚ್ಚಿತೆಂದು ಕಾಣದಿದ್ದರೆ ಹಾವೆಂದೇ ಲೆಕ್ಕ ಹಿಡಿದು ಕೈಕಾಲು ಆಡಿಸದೆ ಆಸ್ಪತ್ರೆಗೆ ಹೊರಡಬೇಕು. ಸುಳ್ಯ ಪೇಟೆ ಜಾಲ್ಸೂರಿಗೆ ಎಷ್ಟು ದೂರ? ತಾಲೂಕು ಆಸ್ಪತ್ರೆಯೂ ಉಂಟು, ಮೆಡಿಕಲ್ ಕಾಲೇಜೂ ಉಂಟು. ಗಂಬೂಟನ್ನು ಕಾಲಿಗೇರಿಸುವ ಮೊದಲು ಬೋರಲು ಹಾಕಿ ಎರಡು ಸಲ ಬಡಿಯುವುದು ಹಾವು, ಚೇಳು, ಜೇಡ ಮೂರಕ್ಕೂ ಒಂದೇ ಮದ್ದು.

ಜೇಡವೇ ಕಚ್ಚಿತು, ಕಣ್ಣಾರೆ ಕಂಡಿರಿ ಅನ್ನೋಣ. ಸೋಪು ನೀರಲ್ಲಿ ತೊಳೆಯಿರಿ, ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಕೈಯೋ ಕಾಲೋ ಎತ್ತರದಲ್ಲಿರಲಿ. ನೋವಿಗೆ ಪ್ಯಾರಸಿಟಮಾಲ್, ಟೆಟನಸ್ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ವರ್ಷವಾಯಿತೆಂದು ಒಂದು ನೆನಪು. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು, ಕಾಸಿ ಇಡುವುದು ಯಾವುದೂ ಬೇಡ. ಜೇಡದ ಫೋಟೋ ತೆಗೆದಿಟ್ಟರೆ ಡಾಕ್ಟರರಿಗೆ ಸುಲಭ. ನೋವು ಮೈಗೆಲ್ಲ ಹರಡಿದರೆ, ಬೆವರು ಕಿತ್ತುಬಂದರೆ, ಹೊಟ್ಟೆ ಕಲ್ಲಾದರೆ, ಸ್ನಾಯು ಸೆಳೆದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಕಾಯಬಾರದು. ವಿಡೋ ಎಂಬ ಸಣ್ಣ ಕಪ್ಪು ಜೇಡದ ಬಂಧುಗಳು ನಮ್ಮ ದೇಶದಲ್ಲೂ ಇವೆ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ಪೊಸಿಲೋಥೇರಿಯಾ ಎಂಬ ರೋಮದ ದೊಡ್ಡ ಜೇಡಗಳಿವೆ. ಅವುಗಳ ಕಡಿತಕ್ಕೆ ದಿನಗಟ್ಟಲೆ ಬಿಟ್ಟುಬಿಟ್ಟು ಸ್ನಾಯು ಸೆಳೆತ ಬರುತ್ತದೆ. ಅವುಗಳಲ್ಲೊಂದಕ್ಕೆ ‘ಮೈಸೂರು ಆರ್ನಮೆಂಟಲ್’ ಎಂಬ ಹೆಸರು, ಯುರೋಪಿನಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರಿದ್ದಾರೆ. ಕಳ್ಳಸಾಗಣೆ ಜೋರಾಗಿ 2019ರಲ್ಲಿ ಈ ಕುಲವನ್ನೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮ ಆಸ್ಪತ್ರೆಗಳ ಆಂಟಿವೆನಮ್ ನಾಲ್ಕು ಹಾವುಗಳಿಗೆ ಮಾಡಿದ್ದು, ಜೇಡದ ವಿಷಕ್ಕೆ ಅದು ಕೆಲಸಕ್ಕೆ ಬಾರದು. ನೋವಿಗೆ, ಸೆಳೆತಕ್ಕೆ ಔಷಧಿ ಕೊಟ್ಟು ನೋಡಿಕೊಳ್ಳುತ್ತಾರೆ, ಅಷ್ಟು ಸಾಕಾಗುತ್ತದೆ.

ಕಡಿತಕ್ಕಿಂತ ಚಿಕಿತ್ಸೆ ಹೆಚ್ಚಾದರೆ ಏನಾಗುತ್ತದೆಂದು ನೋಡಬೇಕಾದರೆ ಅಸ್ಸಾಮಿಗೆ ಹೋಗಬೇಕು. 2012ರ ಮೇ ತಿಂಗಳಲ್ಲಿ ಅಲ್ಲಿನ ಸದಿಯಾದಲ್ಲಿ ದೊಡ್ಡ ಜೇಡಗಳು ಕಾಣಿಸಿಕೊಂಡು ಗುಲ್ಲೆದ್ದಿತು, ಇಬ್ಬರು ಸತ್ತರೆಂದು ಸುದ್ದಿಯಾಯಿತು. ಅವರು ಮೊದಲು ಹೋದದ್ದು ನಾಟಿ ಮಂತ್ರವಾದಿಗಳ ಬಳಿ. ಅಲ್ಲಿ ಬ್ಲೇಡಿನಿಂದ ಗಾಯ ಕೊಯ್ದು ರಕ್ತ ಹರಿಸಿದ್ದರು. ಮರಣೋತ್ತರ ಪರೀಕ್ಷೆಗೆ ಮುಂಚೆ ಚಿತೆ ಉರಿದಿತ್ತು. ಕೊಂದದ್ದು ಜೇಡವೋ ಬ್ಲೇಡೋ ಎಂದು ಹೇಳುವವರಿಲ್ಲ, ಪತ್ರಿಕೆಗಳಲ್ಲಿ ಫೋಟೋ ಬಂದದ್ದು ಮಾತ್ರ ಜೇಡದ್ದು.

ಈ ಅಪಖ್ಯಾತಿ ಇಂದಿನದಲ್ಲ. ಸುಶ್ರುತಸಂಹಿತೆಯಲ್ಲಿ ಹದಿನಾರು ಬಗೆಯ ಲೂತೆಗಳ, ಎಂದರೆ ಜೇಡಗಳ, ಪಟ್ಟಿಯಿದೆ. ಎಂಟಕ್ಕೆ ಕಷ್ಟಪಟ್ಟರೆ ಮದ್ದು, ಎಂಟಕ್ಕೆ ಇಲ್ಲ. ವಿಶ್ವಾಮಿತ್ರ ಹಸುವನ್ನು ಎಳೆದೊಯ್ಯಲು ಬಂದಾಗ ವಸಿಷ್ಠರ ಹಣೆಯಿಂದ ಕೋಪದ ಬೆವರು ಕೊಯ್ದಿಟ್ಟ ಹುಲ್ಲಿನ ಮೇಲೆ ಬಿತ್ತು, ಅದರಿಂದ ಜೇಡ ಹುಟ್ಟಿತು ಎನ್ನುತ್ತದೆ ಅಲ್ಲಿನ ಕತೆ. ಇಬ್ಬರು ಋಷಿಗಳು ಜಗಳಾಡಿದ್ದಕ್ಕೂ ಜೇಡಕ್ಕೇ ಕೆಟ್ಟ ಹೆಸರು. ಇಟಲಿಯ ಟಾರಾಂಟೊ ಕಡೆಯವರು ತೋಳಜೇಡ ಕಚ್ಚಿತೆಂದು ಶತಮಾನಗಳ ಕಾಲ ವಿಷ ಇಳಿಯುವವರೆಗೆ ಕುಣಿಯುತ್ತಿದ್ದರು. ಆ ಜೇಡ ಪಾಪದ್ದು, ಕಚ್ಚಿದ್ದರೆ ಅದೇ ಹೊಲದಲ್ಲಿ ಸದ್ದಿಲ್ಲದೆ ಇದ್ದ ವಿಡೋ ಕಚ್ಚಿರಬೇಕು ಎನ್ನುತ್ತಾರೆ ಬಲ್ಲವರು. ಕುಣಿತಕ್ಕೆ ಹೆಸರು ಮಾತ್ರ ಪಾಪದ್ದರದ್ದೇ ಉಳಿಯಿತು.

ಮೊನ್ನೆ ಮೊನ್ನೆಯ ಅವತಾರವೂ ಒಂದುಂಟು. ಟಾಯ್ಲೆಟ್ ಸೀಟಿನಡಿಯಲ್ಲಿ ವಿಷಜೇಡ ಅಡಗಿರುತ್ತದೆ, ಇಂತಿಷ್ಟು ಹೆಂಗಸರು ಸತ್ತರು ಎಂಬ ಎಚ್ಚರಿಕೆ 1999ರಲ್ಲಿ ಇ-ಮೇಲಿನಲ್ಲಿ ಹುಟ್ಟಿತು. ಮೊದಲು ಅದರಲ್ಲಿದ್ದದ್ದು ಕುಚೋದ್ಯಕ್ಕೆ ಕಟ್ಟಿದ ಸುಳ್ಳು ಹೆಸರು. 2002ರಲ್ಲಿ ಯಾರೋ ಪುಣ್ಯಾತ್ಮರು ಅದನ್ನು ತಿದ್ದಿ ಟೆಲಮೋನಿಯಾ ಡಿಮಿಡಿಯಾಟಾ ಎಂಬ ನಿಜವಾದ ಜೇಡದ ಹೆಸರು ಹಾಕಿದರು. ಅದು ನಮ್ಮ ತೋಟದ ಎಲೆಗಳ ಮೇಲೆ ಜಿಗಿಯುತ್ತ ನೊಣ ಹಿಡಿಯುವ, ಯಾರಿಗೂ ಏನೂ ಮಾಡದ ಪುಟ್ಟ ಚೆಲುವೆ.

ನಮ್ಮ ಮನೆಯ ಜಗಲಿಯಲ್ಲಿ ಇದನ್ನೆಲ್ಲ ಹೇಳಿದಾಗ ಅತ್ತೆ ಒಲ್ಲದ ಮನಸ್ಸಿನಿಂದ ಕೇಳುತ್ತಿದ್ದರು. ಅವರನ್ನು ಒಪ್ಪಿಸಲೇಬೇಕೆಂದು ಕೊನೆಯ ಅಸ್ತ್ರ ತೆಗೆದೆ. ಅಮೆರಿಕದ ಕನ್ಸಾಸ್‌ನಲ್ಲಿ ಒಂದು ಹಳೆಯ ಮನೆ, ಒಳಗೆ ನಾಲ್ಕು ಜನರ ಸಂಸಾರ. ಆ ಅಪಾಯದ ಕಂದು ಜೇಡಗಳನ್ನೇ ಆರು ತಿಂಗಳ ಕಾಲ ಹಿಡಿದು ಹಿಡಿದು ಲೆಕ್ಕ ಇಟ್ಟರು: 2,055. ಅಷ್ಟರ ನಡುವೆ ಉಂಡು ಮಲಗಿದವರಲ್ಲಿ ಒಬ್ಬರಿಗೂ ಜೇಡದ ವಿಷ ಏರಲಿಲ್ಲ. 2002ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲೇ ಅಚ್ಚಾಯಿತು.

ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದವರು ಬೆರಳು ನಿಲ್ಲಿಸಿದರು. “ಎರಡು ಸಾವಿರವಾ?”

“ಎರಡು ಸಾವಿರದ ಐವತ್ತೈದು.”

“ಅಲ್ಲಿಯವರೆಗೆ ಆ ಮನೆಯಲ್ಲಿ ಒಂದು ದಿನವಾದರೂ ಯಾರೂ ಹಿಡಿಸೂಡಿ ಮುಟ್ಟಲಿಲ್ಲವಾ?”